ಮಿಂಡಿಲ್ ಸಂತೆಗೆ ಎಷ್ಟು ಹೊತ್ತಿಗೆ ಹೋಗಬೇಕು?

ಪ್ರಶ್ನೆ: ಜುಲೈ ಕೊನೆಯ ವಾರದಲ್ಲಿ ನಾನು, ನನ್ನ ಪತ್ನಿ ಮತ್ತು ಹತ್ತು ವರ್ಷದ ಮಗಳು ಆಸ್ಟ್ರೇಲಿಯಾದ ಡಾರ್ವಿನ್ ನಗರಕ್ಕೆ ಹೋಗುತ್ತಿದ್ದೇವೆ. ಬುಧವಾರ ತಲುಪಿ ಭಾನುವಾರ ಬೆಳಿಗ್ಗೆ ಹೊರಡುತ್ತೇವೆ. ಮಿಂಡಿಲ್ ಕಡಲತೀರದ ಸಂಜೆ ಸಂತೆಗೆಂದೇ ಶನಿವಾರವನ್ನು ಬಿಡುವಾಗಿ ಇಟ್ಟುಕೊಂಡಿದ್ದೇವೆ. ಸೂರ್ಯಾಸ್ತದ ಹೊತ್ತಿಗೆ ಅಲ್ಲಿದ್ದರೆ ಸಾಕೇ? ಮಗಳು ಸಮುದ್ರದಲ್ಲಿ ಆಡಬಹುದೇ? ನಾವು ಸಸ್ಯಾಹಾರಿಗಳು, ಊಟಕ್ಕೆ ಏನಾದರೂ ಸಿಗುತ್ತದೆಯೇ? ಮೂಲನಿವಾಸಿಗಳ ಚಿತ್ರವನ್ನೋ ಡಿಜೆರಿಡೂ ವಾದ್ಯವನ್ನೋ ಕೊಳ್ಳುವ ಆಸೆಯಿದೆ. ಅಸಲಿಯನ್ನು ಗುರುತಿಸುವುದು ಹೇಗೆ?

ಉತ್ತರ: ಮೊದಲು ನಿಮ್ಮ ದಿನವನ್ನು ಬದಲಿಸಿಕೊಳ್ಳಿ, ಉಳಿದದ್ದೆಲ್ಲ ಆಮೇಲಿನ ಮಾತು. ಮಿಂಡಿಲ್ ಸಂತೆ ಶನಿವಾರ ಸೇರುವುದಿಲ್ಲ. ಅದು ವಾರಕ್ಕೆ ಎರಡು ಸಂಜೆ, ಗುರುವಾರ ಮತ್ತು ಭಾನುವಾರ ಮಾತ್ರ ನಡೆಯುತ್ತದೆ. ನೀವು ಭಾನುವಾರ ಬೆಳಿಗ್ಗೆಯೇ ಹೊರಡುವವರಾದ್ದರಿಂದ ನಿಮಗೆ ಉಳಿದಿರುವುದು ಗುರುವಾರದ ಸಂಜೆ ಒಂದೇ. ವಿಮಾನದ ಟಿಕೆಟನ್ನು ಸೋಮವಾರಕ್ಕೆ ಬದಲಿಸಿಕೊಳ್ಳಲು ಸಾಧ್ಯವಾದರೆ ಎರಡನೆಯ ಅವಕಾಶವೂ ಸಿಗುತ್ತದೆ, ಆದರೆ ಅದಕ್ಕಾಗಿ ಹೆಚ್ಚು ಹಣ ತೆರಬೇಕಾದೀತೆಂದರೆ ಬೇಡ; ಒಂದು ಸಂಜೆಯನ್ನು ಸರಿಯಾಗಿ ಬಳಸಿಕೊಂಡರೆ ಸಾಕಾಗುತ್ತದೆ. 1987ರಲ್ಲಿ ಆರಂಭವಾದ ಈ ಸಂತೆ ವರ್ಷವಿಡೀ ನಡೆಯುವಂಥದ್ದೂ ಅಲ್ಲ. ಏಪ್ರಿಲ್ ಕೊನೆಯಿಂದ ಅಕ್ಟೋಬರ್‌ವರೆಗೆ ನಡೆದು, ಬಳಿಕ ಮಳೆಗಾಲ ಮುಗಿಯುವ ತನಕ ಮುಚ್ಚಿರುತ್ತದೆ. ಸಾಮಾನ್ಯವಾಗಿ ಸಂಜೆ 4ಕ್ಕೆ ತೆರೆದು ರಾತ್ರಿ 9ಕ್ಕೆ ಮುಗಿಯುತ್ತದೆ. ಹೊರಡುವ ವಾರದಲ್ಲಿ ಸಂತೆಯವರ ಪ್ರಕಟಣೆಯನ್ನು ಒಮ್ಮೆ ನೋಡಿ ಆ ವಾರದ ವೇಳೆಯನ್ನು ಖಚಿತಪಡಿಸಿಕೊಳ್ಳಿ.

ಮಳೆಗಾಲದಲ್ಲಿ ಸಂತೆ ಏಕಿಲ್ಲ ಎಂಬುದನ್ನು ತಿಳಿದುಕೊಂಡರೆ ಅದರ ಸ್ವಭಾವವೂ ಅರ್ಥವಾಗುತ್ತದೆ. ಡಾರ್ವಿನ್ ಸಮಭಾಜಕ ವೃತ್ತದಿಂದ ದಕ್ಷಿಣಕ್ಕೆ ಸುಮಾರು 12 ಡಿಗ್ರಿಯಲ್ಲಿದೆ. ವರ್ಷಕ್ಕೆ ಬೀಳುವ ಸುಮಾರು 1,700 ಮಿಲಿಮೀಟರ್ ಮಳೆಯಲ್ಲಿ ಹೆಚ್ಚುಕಡಿಮೆ ಎಲ್ಲವೂ ನವೆಂಬರ್‌ನಿಂದ ಏಪ್ರಿಲ್‌ವರೆಗಿನ ಆರು ತಿಂಗಳಲ್ಲೇ ಸುರಿಯುತ್ತದೆ. ಚಂಡಮಾರುತಗಳ ಕಾಲವೂ ಅದೇ. ಉಳಿದ ಅರ್ಧ ವರ್ಷ ಆಗ್ನೇಯ ದಿಕ್ಕಿನಿಂದ, ಅಂದರೆ ಖಂಡದ ಒಣ ಒಳನಾಡಿನ ಕಡೆಯಿಂದ ಬೀಸುವ ಗಾಳಿ ಮೋಡವನ್ನೂ ಸೆಕೆಯನ್ನೂ ಗುಡಿಸಿಬಿಡುತ್ತದೆ. ಜುಲೈಯಲ್ಲಿ ಹಗಲು 30 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿದ್ದು, ರಾತ್ರಿ 20ಕ್ಕೂ ತುಸು ಕೆಳಗೆ ಇಳಿಯುತ್ತದೆ. ಮಳೆಯ ಭಯವಿಲ್ಲದೆ ಆಕಾಶದಡಿ ಇನ್ನೂರಕ್ಕೂ ಹೆಚ್ಚು ಮಳಿಗೆಗಳನ್ನು ಹೂಡಲು ಸಾಧ್ಯವಾಗುವುದು ಈ ತಿಂಗಳುಗಳಲ್ಲಿ ಮಾತ್ರ. ನೀವು ಹೋಗುವ ಹೊತ್ತಿಗೆ ಅದು ಮಧ್ಯ ಋತು. ಮಗಳಿಗೆ ತೆಳುವಾದ ಒಂದು ಸ್ವೆಟರ್ ಇಟ್ಟುಕೊಳ್ಳಿ, ಕೊಡೆ ಬೇಡ.

ಈಗ ನಿಮ್ಮ ಮುಖ್ಯ ಪ್ರಶ್ನೆಗೆ ಬರುತ್ತೇನೆ. ಸೂರ್ಯಾಸ್ತದ ಹೊತ್ತಿಗೆ ತಲುಪಿದರೆ ಸಾಕೇ? ಸಾಲದು. ಈ ಸಂತೆಗೆ ಹೋದವರು ಮಾಡುವ ದೊಡ್ಡ ತಪ್ಪು ಇದೇ ಎಂಬುದು ನನ್ನ ಖಚಿತ ಅಭಿಪ್ರಾಯ, ಮತ್ತು ಆ ತಪ್ಪನ್ನು ನಾನೂ ಮಾಡಿದ್ದೇನೆ. ಜುಲೈ ಕೊನೆಯಲ್ಲಿ ಅಲ್ಲಿ ಸೂರ್ಯ ಮುಳುಗುವುದು ಸಂಜೆ 6 ಗಂಟೆ 40 ನಿಮಿಷದ ಆಸುಪಾಸಿಗೆ. ಸಮಭಾಜಕಕ್ಕೆ ಹತ್ತಿರವಿರುವುದರಿಂದ ಹಗಲಿನ ಉದ್ದ ಹೆಚ್ಚು ಏರಿಳಿಯುವುದಿಲ್ಲ. ಸಂತೆ ನಡೆಯುವ ಅಷ್ಟೂ ತಿಂಗಳುಗಳಲ್ಲಿ ಸೂರ್ಯಾಸ್ತದ ಗಳಿಗೆ ಹೆಚ್ಚೆಂದರೆ ಇಪ್ಪತ್ತು ನಿಮಿಷ ಹಿಂದುಮುಂದಾಗುತ್ತದೆ, ಅಷ್ಟೆ. ಹಾಗಾಗಿ ಆ ಊರಿನವರಿಗೆ ಗಡಿಯಾರ ನೋಡಬೇಕಾಗಿಯೇ ಇಲ್ಲ. 6 ಗಂಟೆ ದಾಟುತ್ತಿದ್ದಂತೆ ಊಟದ ಮಳಿಗೆಗಳ ಮುಂದೆ ಸಾಲು ದಪ್ಪವಾಗುತ್ತದೆ, ತಟ್ಟೆ ಕೈಗೆ ಬಂದವರೆಲ್ಲ ಮರಗಳ ಸಾಲನ್ನು ದಾಟಿ ಮರಳಿನತ್ತ ನಡೆಯುತ್ತಾರೆ, 6.30ರ ವೇಳೆಗೆ ಪಶ್ಚಿಮಕ್ಕೆ ಮುಖ ಮಾಡಿದ ಆ ದಂಡೆಯ ಮೇಲೆ ಚಾಪೆ, ಮಡಚುವ ಕುರ್ಚಿ, ಮಕ್ಕಳು, ಕ್ಯಾಮರಾಗಳು ತುಂಬಿರುತ್ತವೆ. ಅದೇ ವೇಳೆಗೆ ವಾಹನ ನಿಲ್ಲಿಸಲು ಜಾಗ ಹುಡುಕುತ್ತಿರುವವರಿಗೆ ಊಟವೂ ಇಲ್ಲ, ಸೂರ್ಯನೂ ಇಲ್ಲ. ಮೊದಲ ಸಲ ಹೋದಾಗ ನಾನು ಊಟದ ಸಾಲಿನಲ್ಲಿ ಹದಿನಾರನೆಯವನೋ ಹದಿನೇಳನೆಯವನೋ ಆಗಿ ನಿಂತಿದ್ದೆ. ಆ ದಿನದ ಸೂರ್ಯಾಸ್ತವನ್ನು ನಾನು ಕಂಡದ್ದು ಬಾಣಲೆಯ ಹಿಂದೆ ನಿಂತಿದ್ದವನ ಮುಖದ ಮೇಲೆ ಬಿದ್ದ ಕೆಂಪಿನಲ್ಲಿ ಮಾತ್ರ.

ತಡವಾದವರಿಗೆ ಇಲ್ಲಿ ರಿಯಾಯಿತಿ ಸಿಗದಿರಲು ಕಾರಣವೂ ಇದೆ. ಉಷ್ಣವಲಯದಲ್ಲಿ ಸೂರ್ಯ ಓರೆಯಾಗಿ ಜಾರುವುದಿಲ್ಲ, ಹೆಚ್ಚುಕಡಿಮೆ ನೆಟ್ಟಗೆ ಕೆಳಗಿಳಿಯುತ್ತಾನೆ. ಬಿಂಬದ ಕೆಳ ಅಂಚು ನೀರಿಗೆ ತಾಗಿದ ಮೇಲೆ ಪೂರ್ತಿ ಮುಳುಗಲು ಎರಡು ಮೂರು ನಿಮಿಷ ಸಾಕು. ಅಲ್ಲಿಂದ ಇಪ್ಪತ್ತು ಇಪ್ಪತ್ತೈದು ನಿಮಿಷಗಳಲ್ಲಿ ಕತ್ತಲು. ಹೀಗಾಗಿ ನಾನು ಸೂಚಿಸುವ ಕ್ರಮ ಇದು: ಗುರುವಾರ 4.15ರ ವೇಳೆಗೆ ಅಲ್ಲಿರಿ. ಮೊದಲ ಮುಕ್ಕಾಲು ಗಂಟೆ ಏನನ್ನೂ ಕೊಳ್ಳದೆ ಸಂತೆಯ ಒಂದು ತುದಿಯಿಂದ ಇನ್ನೊಂದು ತುದಿಗೆ ಪೂರ್ತಿ ಒಂದು ಸುತ್ತು ಹಾಕಿ, ಯಾವ ಮಳಿಗೆ ಎಲ್ಲಿದೆ, ಯಾರ ಬಳಿ ಏನಿದೆ ಎಂದು ಕಣ್ಣಲ್ಲಿ ಇಟ್ಟುಕೊಳ್ಳಿ. ಹಸಿವಿಲ್ಲದಿದ್ದರೂ 5.15ಕ್ಕೆ ಊಟ ಕೇಳಿ. 6ಕ್ಕೆ ಮುಂಚೆ ಮರಳಿನ ಮೇಲೆ ಜಾಗ ಹಿಡಿಯಿರಿ. ಸೂರ್ಯ ಮುಳುಗಿದ ಕೂಡಲೇ ಎಲ್ಲರೊಂದಿಗೆ ಎದ್ದುಬಿಡಬೇಡಿ. ಆಕಾಶದ ಒಳ್ಳೆಯ ಬಣ್ಣ ಬರುವುದು ಅದಾದ ಹತ್ತು ಹದಿನೈದು ನಿಮಿಷಕ್ಕೆ. ಆ ಹೊತ್ತಿಗೆ ಸಂತೆಯತ್ತ ಮರಳುವ ಜನರ ನೂಕುನುಗ್ಗಲು ತಾನಾಗಿ ಸಡಿಲವಾಗಿರುತ್ತದೆ. ಕೊಳ್ಳುವುದನ್ನು, ಸಂಗೀತ ಕೇಳುವುದನ್ನು, ಬೆಂಕಿಯಾಟ ನೋಡುವುದನ್ನು 7ರಿಂದ 8.15ರ ನಡುವೆ ಇಟ್ಟುಕೊಳ್ಳಿ. ರಾತ್ರಿ 9 ಎಂದಿದ್ದರೂ ಹಲವರು ಅದಕ್ಕೂ ಮುಂಚೆ ಗಂಟುಮೂಟೆ ಕಟ್ಟಲು ಆರಂಭಿಸುತ್ತಾರೆ.

ಸಂತೆಯ ಸೂರ್ಯ ಅಷ್ಟೊಂದು ಕೆಂಪಗಿರುವುದೇಕೆ ಎಂದು ಮಗಳು ಕೇಳಿಯಾಳು. ಒಣ ಋತುವಿನಲ್ಲಿ ಸುತ್ತಲಿನ ಹುಲ್ಲುಗಾಡುಗಳಿಗೆ ಬೆಂಕಿ ಬೀಳುತ್ತದೆ. ಅದರಲ್ಲಿ ಬಹುಪಾಲನ್ನು, ಮುಂದೆ ದೊಡ್ಡ ಕಾಳ್ಗಿಚ್ಚು ಹಬ್ಬದಿರಲೆಂದು ಜನರೇ ಲೆಕ್ಕಹಾಕಿ ಹಚ್ಚುತ್ತಾರೆ. ಈ ಪದ್ಧತಿ ಮೂಲನಿವಾಸಿಗಳಲ್ಲಿ ಬಹಳ ಹಳೆಯದು. ಅದರ ಹೊಗೆ ಮತ್ತು ಒಳನಾಡಿನ ದೂಳು ದಿಗಂತದ ಬಳಿ ನಿಲ್ಲುವುದರಿಂದ ನೀಲಿ ಬೆಳಕು ಚದುರಿ ಕೆಂಪು ಮಾತ್ರ ನಮ್ಮ ತನಕ ಬರುತ್ತದೆ. ಮುಳುಗುವ ಸೂರ್ಯನನ್ನು ಕೂಡ ಕ್ಯಾಮರಾದ ದೂರದರ್ಶಕ ಲೆನ್ಸಿನ ಮೂಲಕ ನೇರವಾಗಿ ದಿಟ್ಟಿಸಬಾರದೆಂದು ಅವಳಿಗೆ ಹೇಳಿಡಿ.

ಸಮುದ್ರದಲ್ಲಿ ಆಡುವ ವಿಷಯದಲ್ಲಿ ನನ್ನ ಉತ್ತರ ಬೇಡ ಎಂಬುದೇ. ಮರಳಿನ ಮೇಲೆ ಎಷ್ಟು ಬೇಕಾದರೂ ಆಡಲಿ, ನೀರಿಗೆ ಇಳಿಯುವುದು ಬೇಡ. ಆ ನೀರು ನೋಡಲು ಬೆಚ್ಚಗೆ, ಶಾಂತವಾಗಿ, ಅಲೆಯಿಲ್ಲದೆ ಇರುತ್ತದೆ. ಮೋಸ ಹೋಗುವುದು ಅಲ್ಲಿಯೇ. ಮೊದಲನೆಯ ಅಪಾಯ ಬಾಕ್ಸ್ ಜೆಲ್ಲಿ ಮೀನು. ಪಾರದರ್ಶಕವಾದ ಈ ಜೀವಿಯ ಎಳೆಗಳು ಮೂರು ಮೀಟರ್‌ವರೆಗೂ ಚಾಚಬಲ್ಲವು, ಅದರ ವಿಷ ಕೆಲವೇ ನಿಮಿಷಗಳಲ್ಲಿ ಹೃದಯವನ್ನು ನಿಲ್ಲಿಸಬಲ್ಲದು. ಅಧಿಕೃತವಾಗಿ ಅದರ ಕಾಲ ಅಕ್ಟೋಬರ್ 1ರಿಂದ ಮೇ 31ರ ತನಕ. ಜುಲೈ ಅದರಿಂದ ಹೊರಗಿದೆ ಎಂದು ನೀವು ವಾದಿಸಬಹುದು, ಆದರೆ ಉಳಿದ ತಿಂಗಳುಗಳಲ್ಲಿ ಅವು ವಿರಳವಾಗುತ್ತವೆಯೇ ಹೊರತು ಇಲ್ಲವಾಗುವುದಿಲ್ಲ. ಉಷ್ಣವಲಯದ ಈ ತೀರಗಳಲ್ಲಿ ಅಲ್ಲಲ್ಲಿ ಕಂಬಕ್ಕೆ ವಿನೆಗರ್ ಬಾಟಲಿ ಕಟ್ಟಿರುವುದನ್ನು ಕಂಡರೆ ಅದು ಅಡುಗೆಗಲ್ಲ. ಎಳೆ ತಾಗಿದ ಜಾಗವನ್ನು ಉಜ್ಜದೆ, ಕನಿಷ್ಠ ಅರ್ಧ ನಿಮಿಷ ಅದನ್ನು ಸುರಿದು, 000 ಸಂಖ್ಯೆಗೆ ಕರೆ ಮಾಡಬೇಕು.

ಎರಡನೆಯ ಅಪಾಯಕ್ಕೆ ಋತುವೇ ಇಲ್ಲ. ಉಪ್ಪುನೀರಿನ ಮೊಸಳೆಯನ್ನು ಡಾರ್ವಿನ್ ಸೇರಿರುವ ಉತ್ತರ ಪ್ರಾಂತ್ಯದಲ್ಲಿ 1971ರಿಂದ ಸಂರಕ್ಷಿಸಲಾಗಿದ್ದು, ಒಂದು ಕಾಲಕ್ಕೆ ಬೇಟೆಯಿಂದ ಅಳಿವಿನಂಚಿಗೆ ಬಂದಿದ್ದ ಅವುಗಳ ಸಂಖ್ಯೆ ಈಗ ಲಕ್ಷದ ಆಸುಪಾಸಿನಲ್ಲಿದೆ. ಹೆಸರಿನಲ್ಲಿ ಉಪ್ಪುನೀರು ಎಂದಿದ್ದರೂ ಅವು ನದಿ, ಅಳಿವೆ, ಸಮುದ್ರ ಎಲ್ಲೆಡೆಯೂ ಓಡಾಡುತ್ತವೆ. ಡಾರ್ವಿನ್ ಬಂದರು ಮತ್ತು ಸುತ್ತಲಿನ ನೀರಿನಿಂದ ಪ್ರತಿ ವರ್ಷವೂ ನೂರಾರು ಮೊಸಳೆಗಳನ್ನು ಬೋನು ಹಾಕಿ ಹಿಡಿದು ಸಾಗಿಸಲಾಗುತ್ತದೆ. ಅಂದರೆ ಬರುತ್ತಲೇ ಇರುತ್ತವೆ ಎಂದರ್ಥ. ಮಿಂಡಿಲ್‌ನಲ್ಲಿ ಕೆಲವರು ಮೊಣಕಾಲುದ್ದ ನೀರಿನಲ್ಲಿ ನಿಂತು ಚಿತ್ರ ತೆಗೆಸಿಕೊಳ್ಳುವುದನ್ನು ನೀವು ಕಾಣುವಿರಿ. ಬಹುತೇಕ ದಿನಗಳಲ್ಲಿ ಅವರಿಗೆ ಏನೂ ಆಗುವುದಿಲ್ಲ, ನಿಜ; ಆದರೆ ಮೊಸಳೆ ಬೇಟೆಗೆ ಚುರುಕಾಗುವುದು ಬೆಳಕು ಕಂದುವ ಅದೇ ಹೊತ್ತಿನಲ್ಲಿ. ಮಗಳಿಗೆ ನೀರಾಟ ಬೇಕೇ ಬೇಕೆಂದರೆ ಹಗಲಿನಲ್ಲಿ ನಗರದ ವಾಟರ್‌ಫ್ರಂಟ್‌ಗೆ ಕರೆದೊಯ್ಯಿರಿ. ಅಲ್ಲಿ ಗೋಡೆ ಕಟ್ಟಿ ಸಮುದ್ರದಿಂದ ಬೇರ್ಪಡಿಸಿದ ಕೊಳವೂ, ಯಂತ್ರದಿಂದ ಅಲೆ ಏಳಿಸುವ ಈಜುಕೊಳವೂ ಇವೆ.

ದಂಡೆ ಎಷ್ಟು ಅಗಲವಿರುತ್ತದೆ ಎಂಬುದು ಭರತ ಇಳಿತಕ್ಕೆ ಬಿಟ್ಟದ್ದು. ಡಾರ್ವಿನ್‌ನಲ್ಲಿ ಹುಣ್ಣಿಮೆ ಅಮಾವಾಸ್ಯೆಗಳ ಆಸುಪಾಸಿನಲ್ಲಿ ಭರತಕ್ಕೂ ಇಳಿತಕ್ಕೂ ನಡುವಿನ ಅಂತರ ಏಳೆಂಟು ಮೀಟರ್ ಮುಟ್ಟುವುದುಂಟು. ಇಳಿತವಿದ್ದರೆ ನೀರು ಬಹಳ ದೂರ ಸರಿದು ಒದ್ದೆ ಮರಳಿನಲ್ಲಿ ಆಕಾಶವೆಲ್ಲ ಪ್ರತಿಫಲಿಸುತ್ತದೆ. ಭರತವಿದ್ದರೆ ಜನರೆಲ್ಲ ಒಂದು ಕಿರಿದಾದ ಪಟ್ಟಿಯಲ್ಲಿ ಒತ್ತಿಕೊಂಡು ಕೂರಬೇಕಾಗುತ್ತದೆ, ಆಗ ಬೇಗ ಹೋಗಿ ಜಾಗ ಹಿಡಿಯುವುದು ಇನ್ನೂ ಮುಖ್ಯ. ಇದರೊಂದಿಗೆ ನುಸಿಯ ಕಾಟವೂ ಸೇರಿಕೊಂಡಿದೆ. ಕಾಂಡ್ಲಾ (ಮ್ಯಾಂಗ್ರೋವ್) ಕಾಡಿನ ಕೆಸರಿನಲ್ಲಿ ಹುಟ್ಟುವ, ಕಣ್ಣಿಗೆ ಸರಿಯಾಗಿ ಕಾಣದಷ್ಟು ಸಣ್ಣ ಕಚ್ಚುನುಸಿಗಳು ಈ ದೊಡ್ಡ ಭರತಗಳ ದಿನಗಳಲ್ಲಿ, ಅದರಲ್ಲೂ ಹುಣ್ಣಿಮೆಯ ಎರಡು ದಿನ ಹಿಂದುಮುಂದು, ಮುಂಜಾನೆ ಮತ್ತು ಮುಸ್ಸಂಜೆ ಏಳುತ್ತವೆ. ಕಚ್ಚಿದ ತುರಿಕೆ ವಾರಗಟ್ಟಲೆ ಉಳಿಯಬಹುದು. ನಿಮ್ಮ ಗುರುವಾರ ಹುಣ್ಣಿಮೆಗೆ ಹತ್ತಿರವಿದೆಯೇ ಎಂದು ಪಂಚಾಂಗ ನೋಡಿ, ಇದ್ದರೆ ಕಾಲು ಮುಚ್ಚುವ ಬಟ್ಟೆ ಹಾಕಿಕೊಂಡು, ಡೀಟ್ ಅಥವಾ ಪಿಕಾರಿಡಿನ್ ಇರುವ, ನುಸಿ ಓಡಿಸುವ ಲೇಪವನ್ನು ಸೂರ್ಯಾಸ್ತಕ್ಕೆ ಅರ್ಧ ಗಂಟೆ ಮುಂಚೆಯೇ ಹಚ್ಚಿಕೊಳ್ಳಿ.

ಊಟದ ವಿಷಯಕ್ಕೆ ಬಂದರೆ, ಮಿಂಡಿಲ್‌ನ ಆಹಾರ ಆಸ್ಟ್ರೇಲಿಯಾದ ಭೂಪಟವನ್ನು ನೋಡಿದರೆ ಅರ್ಥವಾಗುವುದಿಲ್ಲ, ಏಷ್ಯಾದ ಭೂಪಟವನ್ನು ನೋಡಿದರೆ ಆಗುತ್ತದೆ. ಡಾರ್ವಿನ್‌ನಿಂದ ಸಿಡ್ನಿ ವಿಮಾನದ ದಾರಿಯಲ್ಲಿ ಮೂರು ಸಾವಿರ ಕಿಲೋಮೀಟರ್‌ಗಿಂತ ದೂರ. ಪೂರ್ವ ತಿಮೋರಿನ ರಾಜಧಾನಿ ದಿಲಿ ಸುಮಾರು ಏಳುನೂರು ಕಿಲೋಮೀಟರ್ ಮಾತ್ರ. 1870ರ ದಶಕದಲ್ಲಿ ಚಿನ್ನದ ಗಣಿಗಳಿಗೆ ಬಂದ ಚೀನೀಯರು, 1975ರ ಬಳಿಕ ಯುದ್ಧದಿಂದ ತಪ್ಪಿಸಿಕೊಂಡು ಬಂದ ತಿಮೋರಿಗಳು, ಕಾಲಿಮ್ನೋಸ್ ದ್ವೀಪದಿಂದ ಬಂದು ನೆಲೆಸಿದ ಗ್ರೀಕರು, ಥಾಯ್, ಇಂಡೊನೇಷ್ಯಾ, ಶ್ರೀಲಂಕಾ ಮೂಲದವರು, ಇವರೆಲ್ಲರ ಅಡುಗೆಮನೆಗಳು ಅಕ್ಕಪಕ್ಕದಲ್ಲಿ ನಿಂತಂತೆ ಇಲ್ಲಿನ ಮಳಿಗೆಗಳಿವೆ. ಮೊಸಳೆ, ಕಾಂಗರೂ, ಎಮ್ಮೆ ಮಾಂಸವನ್ನು ಸುಟ್ಟುಕೊಡುವ ಮಳಿಗೆಗಳ ಮುಂದೆ ಪ್ರವಾಸಿಗರು ಹೆಚ್ಚು. ಊರಿನವರು ನಿಲ್ಲುವುದು ಲಕ್ಸಾದ ಮುಂದೆ. ತೆಂಗಿನ ಹಾಲು, ಮಸಾಲೆ, ಶಾವಿಗೆ ಸೇರಿದ ಈ ಸಾರಿನ ಮೇಲೆ ಡಾರ್ವಿನ್‌ನವರಿಗೆ ಇರುವ ಮೋಹ ಎಷ್ಟೆಂದರೆ ಅದಕ್ಕಾಗಿ ಒಂದು ಹಬ್ಬವನ್ನೇ ನಡೆಸುತ್ತಾರೆ.

ಆದರೆ ಸಸ್ಯಾಹಾರಿಗಳು ಎಚ್ಚರವಾಗಿರಬೇಕಾದದ್ದು ಇಲ್ಲಿಯೇ. ತರಕಾರಿ ಲಕ್ಸಾ ಎಂದು ಬರೆದಿದ್ದರೂ ಅದರ ಮಸಾಲೆಯನ್ನು ಬಹಳ ಕಡೆ ಹುದುಗಿಸಿದ ಸಿಗಡಿಯ ಮುದ್ದೆ ಸೇರಿಸಿ ಅರೆದಿರುತ್ತಾರೆ. ಹಸಿ ಪಪ್ಪಾಯಿ ಕೋಸಂಬರಿಯಂತೆ ಕಾಣುವ ಥಾಯ್ ತಿನಿಸಿನಲ್ಲಿ ಮೀನಿನ ಸಾಸ್ ಮತ್ತು ಒಣ ಸಿಗಡಿ ಬೀಳುತ್ತವೆ. ಹುರಿದ ಅನ್ನ, ನೂಡಲ್ಸ್‌ಗಳಿಗೆ ಸಿಂಪಿ ಸಾಸ್ ಹಾಕುವುದು ರೂಢಿ. ಮಾಂಸವಿದೆಯೇ ಎಂದು ಕೇಳಿದರೆ ಇಲ್ಲ ಎಂಬ ಉತ್ತರ ಪ್ರಾಮಾಣಿಕವಾಗಿಯೇ ಬರುತ್ತದೆ. ಆದ್ದರಿಂದ ಮೀನಿನ ಸಾಸ್, ಸಿಗಡಿ, ಸಿಂಪಿ ಎಂದು ಹೆಸರು ಹಿಡಿದು ಕೇಳಿ. ಕಣ್ಣೆದುರಿಗೇ ಕೊಯ್ದು ಬೆರೆಸುವ ಮಳಿಗೆಗಳಲ್ಲಿ ಅವನ್ನು ಬಿಟ್ಟು ಮಾಡಿಕೊಡಲು ಸಾಮಾನ್ಯವಾಗಿ ಒಪ್ಪುತ್ತಾರೆ, ದೊಡ್ಡ ಪಾತ್ರೆಯಲ್ಲಿ ಮೊದಲೇ ಕುದಿಸಿಟ್ಟ ಸಾರಿನಲ್ಲಿ ಅದು ಸಾಧ್ಯವಿಲ್ಲ. ಹಾಗಾಗಿ ನಿಮಗೆ ಸುಲಭವಾದದ್ದು ಭಾರತೀಯ ಮತ್ತು ಶ್ರೀಲಂಕಾದ ಅಡುಗೆ, ಹಣ್ಣಿನ ತಟ್ಟೆಗಳು, ಮಾವು ಪಪ್ಪಾಯಿ ರಸಗಳು. ಮಗಳಿಗೆ ಶೇಂಗಾ ಒಗ್ಗದಿದ್ದರೆ ಶೇಂಗಾ ಅರೆದು ಮಾಡುವ ಸಾಟೆ ಸಾಸ್‌ನಿಂದ ದೂರವಿರಿ.

ಕಲಾಕೃತಿಯ ವಿಷಯದಲ್ಲಿ ನಿಧಾನ ಮಾಡಿ. ಡಾರ್ವಿನ್ ಲರಾಕಿಯ ಎಂಬ ಮೂಲನಿವಾಸಿ ಜನರ ನೆಲ; ಸುತ್ತಲಿನ ಆರ್ನೆಮ್ ಲ್ಯಾಂಡ್ ಪ್ರದೇಶ ಮತ್ತು ಟಿವಿ (Tiwi) ಎಂಬ ದ್ವೀಪಗಳಿಂದಲೂ ಕಲಾವಿದರ ಕೆಲಸ ಇಲ್ಲಿಗೆ ಬರುತ್ತದೆ. ಆದರೆ ದೇಶದಾದ್ಯಂತ ನಕಲಿಯ ಪ್ರಮಾಣ ಎಷ್ಟಿದೆಯೆಂದರೆ, ಮೂಲನಿವಾಸಿ ಶೈಲಿಯ ಸರಕುಗಳಿಗೆ ಜನ ಮಾಡುವ ಖರ್ಚಿನಲ್ಲಿ ಅರ್ಧಕ್ಕಿಂತ ಹೆಚ್ಚು ಭಾಗ ಮೂಲನಿವಾಸಿಗಳಿಗೆ ಸಂಬಂಧವೇ ಇಲ್ಲದ ವಸ್ತುಗಳಿಗೆ ಹೋಗುತ್ತದೆ ಎಂದು ಅಲ್ಲಿನ ಸರ್ಕಾರದ ಸಲಹಾ ಸಂಸ್ಥೆಯಾದ ಉತ್ಪಾದಕತಾ ಆಯೋಗ 2022ರ ತನ್ನ ವರದಿಯಲ್ಲಿ ಅಂದಾಜಿಸಿತು. ಇಂಡೊನೇಷ್ಯಾದಲ್ಲಿ ಮಾಡಿಸಿದ ಬೂಮರಾಂಗ್, ಡಿಜೆರಿಡೂಗಳನ್ನು ಮೂಲನಿವಾಸಿಗಳು ಕೈಯಾರೆ ಮಾಡಿದವೆಂಬ ಭಾವನೆ ಬರುವಂತೆ ಮಾರಿದ ಒಂದು ಸಗಟು ಕಂಪನಿಗೆ 2019ರಲ್ಲಿ ಫೆಡರಲ್ ನ್ಯಾಯಾಲಯ 23 ಲಕ್ಷ ಆಸ್ಟ್ರೇಲಿಯನ್ ಡಾಲರ್ ದಂಡ ಹಾಕಿತು. ಮಾರುವವರೆಲ್ಲ ಮೋಸಗಾರರೆಂದು ನಾನು ಹೇಳುತ್ತಿಲ್ಲ, ಕೇಳದೆ ಕೊಳ್ಳಬೇಡಿ ಎನ್ನುತ್ತಿದ್ದೇನೆ.

ಕೇಳಬೇಕಾದದ್ದು ಮೂರು ಸಂಗತಿ: ಇದನ್ನು ಮಾಡಿದವರ ಹೆಸರೇನು, ಅವರು ಯಾವ ಸಮುದಾಯದವರು, ಮಾರಿದ ಹಣ ಅವರಿಗೆ ಹೇಗೆ ತಲುಪುತ್ತದೆ. ಈ ಮೂರಕ್ಕೂ ತಡವರಿಸದೆ ಉತ್ತರಿಸಿ, ಕಲಾವಿದರ ಹೆಸರಿರುವ ಪ್ರಮಾಣಪತ್ರವನ್ನೋ ರಸೀದಿಯನ್ನೋ ಕೊಡುವವರ ಬಳಿ ಕೊಳ್ಳಿ. ಕಲಾವಿದರೇ ಕುಳಿತು ಮಾರುತ್ತಿದ್ದರೆ ಇನ್ನೂ ಒಳ್ಳೆಯದು. ಅವರ ಫೋಟೊ ತೆಗೆಯುವ ಮುನ್ನ ಅನುಮತಿ ಕೇಳಿ. ಇನ್ನೊಂದು ಸುಳಿವು ಶೈಲಿಯದು. ಚುಕ್ಕೆಗಳಿಂದ ತುಂಬಿದ ಚಿತ್ರವೇ ಮೂಲನಿವಾಸಿ ಕಲೆ ಎಂದು ನಾವೆಲ್ಲ ತಿಳಿದುಕೊಂಡಿದ್ದೇವೆ, ಆದರೆ ಫಲಕ ಮತ್ತು ಕ್ಯಾನ್ವಾಸಿನ ಮೇಲಿನ ಆ ಶೈಲಿ 1970ರ ದಶಕದಿಂದ ಬೆಳೆದದ್ದು ಖಂಡದ ನಡುವಿನ ಮರುಭೂಮಿಯ ಪಪುನ್ಯಾ ಮೊದಲಾದ ನೆಲೆಗಳಲ್ಲಿ. ಆರ್ನೆಮ್ ಲ್ಯಾಂಡಿನದು ಮರದ ತೊಗಟೆಯ ಮೇಲೆ ಕೂದಲೆಳೆಯಷ್ಟು ಸಣ್ಣ ಗೆರೆಗಳನ್ನು ಅಡ್ಡಡ್ಡ ಹೆಣೆಯುವ ರಾರ್ಕ್ ಶೈಲಿ. ಟಿವಿ ದ್ವೀಪದವರದು ಕೆಮ್ಮಣ್ಣು, ಹಳದಿ, ಬಿಳಿ, ಕಪ್ಪು ಬಣ್ಣಗಳ ದಿಟ್ಟ ವಿನ್ಯಾಸ. ಅಂಗಡಿಯವರು ಆರ್ನೆಮ್ ಲ್ಯಾಂಡಿನದೆಂದು ಹೇಳುತ್ತಿರುವ ವಸ್ತುವಿನ ಮೇಲೆ ಬರೀ ಚುಕ್ಕೆಗಳಿದ್ದರೆ ಇನ್ನೊಂದು ಪ್ರಶ್ನೆ ಕೇಳಲು ಅದು ಸಾಕು. ಡಿಜೆರಿಡೂ ಆದರೆ ಒಳಗೆ ಬೆರಳಿಟ್ಟು ನೋಡಿ: ಗೆದ್ದಲು ತಿಂದು ಟೊಳ್ಳಾದ ನೀಲಗಿರಿ ಜಾತಿಯ ಮರದ ಒಳಮೈ ಏರುತಗ್ಗಾಗಿರುತ್ತದೆ, ಯಂತ್ರದಿಂದ ಕೊರೆದದ್ದು ಕೊಳವೆಯಂತೆ ನಯವಾಗಿರುತ್ತದೆ. ಒಳ್ಳೆಯ ಡಿಜೆರಿಡೂ ಉದ್ದವೂ ಭಾರವೂ ಆಗಿರುತ್ತದೆ. ವಿಮಾನದ ಸಾಮಾನಿನ ಮಿತಿಯನ್ನು ನೋಡಿಕೊಂಡೇ ಕೈಹಾಕಿ. ಸಂಜೆಯ ಆ ಗಡಿಬಿಡಿಯಲ್ಲಿ ದೊಡ್ಡ ಬೆಲೆಯ ಚಿತ್ರವನ್ನು ನಾನಾದರೆ ಕೊಳ್ಳುವುದಿಲ್ಲ. ಅದಕ್ಕೆ ಸಮುದಾಯಗಳೇ ನಡೆಸುವ ಕಲಾಕೇಂದ್ರಗಳೊಂದಿಗೆ ನೇರ ವ್ಯವಹಾರವಿರುವ ನಗರದ ಗ್ಯಾಲರಿಗಳು ಮೇಲು.

ಮೊಸಳೆ ಚರ್ಮದ ಪರ್ಸು, ಬೆಲ್ಟುಗಳು ಸಂತೆಯಲ್ಲಿ ಕಣ್ಣಿಗೆ ಬೀಳುತ್ತವೆ. ಅಲ್ಲಿ ಅವುಗಳ ಮಾರಾಟ ಕಾನೂನುಬದ್ಧವಾದರೂ, ದೇಶದಿಂದ ದೇಶಕ್ಕೆ ಸಾಗಿಸುವುದು ಸೈಟಿಸ್ ಎಂಬ, ಅಪಾಯದಲ್ಲಿರುವ ಜೀವಿಗಳ ವ್ಯಾಪಾರವನ್ನು ನಿಯಂತ್ರಿಸುವ ಅಂತರರಾಷ್ಟ್ರೀಯ ಒಪ್ಪಂದಕ್ಕೆ ಒಳಪಟ್ಟಿದೆ. ನೀವು ಇಳಿಯಲಿರುವ ದೇಶದ ಸುಂಕದವರ ನಿಯಮವನ್ನು ಓದಿಕೊಳ್ಳದೆ ಅದನ್ನು ಕೊಳ್ಳುವುದು ಜಾಣತನವಲ್ಲ.

ಉಳಿದದ್ದು ಚಿಕ್ಕಪುಟ್ಟ ಮಾತು. ಹಾಕಿದ ಬೆಲೆಯೇ ಬೆಲೆ. ಚೌಕಾಸಿ ಅಲ್ಲಿನ ವಾಡಿಕೆಯಲ್ಲ. ಕಾರ್ಡು ಬಹುತೇಕ ಕಡೆ ನಡೆಯುತ್ತದೆ, ಆದರೂ ಸಣ್ಣ ನೋಟುಗಳು ಕೈಯಲ್ಲಿರಲಿ. ಚಾಪೆ, ನೀರಿನ ಬಾಟಲಿ, ಸಣ್ಣ ಟಾರ್ಚ್ ಒಯ್ಯಿರಿ. ಬಾಡಿಗೆ ಕಾರು ಬೇಡ; ನಗರದ ನಡುಭಾಗದಿಂದ ಎರಡು ಮೂರು ಕಿಲೋಮೀಟರ್ ಅಷ್ಟೆ, ನಡೆಯಬಹುದು ಅಥವಾ ಬಸ್ಸು ಹಿಡಿಯಬಹುದು. ಇನ್ನೂ ಒಳ್ಳೆಯ ಉಪಾಯವೆಂದರೆ ಗುರುವಾರ ಮಧ್ಯಾಹ್ನವನ್ನು ಸಸ್ಯೋದ್ಯಾನದಲ್ಲಿ ಕಳೆಯುವುದು. 1886ರಿಂದಲೂ ಅದೇ ಜಾಗದಲ್ಲಿರುವ 42 ಹೆಕ್ಟೇರಿನ ಆ ತೋಟದ ನೆರಳಿನಲ್ಲಿ ಬಿಸಿಲಿಳಿಯುವ ತನಕ ಅಡ್ಡಾಡಿದರೆ, 4.15ಕ್ಕೆ ಸಂತೆಗೆ ಹೋಗಲು ರಸ್ತೆ ದಾಟುವುದಷ್ಟೇ ಬಾಕಿ.

ಇನ್ನು ನೀವು ಬಿಡುವಾಗಿ ಇಟ್ಟುಕೊಂಡಿದ್ದ ಶನಿವಾರ. ಅಂದು ಬೆಳಿಗ್ಗೆ ಪರಾಪ್ ಬಡಾವಣೆಯಲ್ಲಿ ಸಂತೆಯಿದೆ. ಮಿಂಡಿಲ್‌ಗಿಂತ ಚಿಕ್ಕದು, ಸಮುದ್ರವೂ ಕಾಣುವುದಿಲ್ಲ, ಆದರೆ ಸ್ಥಳೀಯರು ಹಣ್ಣು ತರಕಾರಿ ಕೊಳ್ಳಲು, ಲಕ್ಸಾ ಕುಡಿಯಲು ಬರುವ ಜಾಗ ಅದು. ಅಲ್ಲಿ ಹಣ್ಣು ಕಟ್ಟಿಸಿಕೊಂಡು ಸಂಜೆ 6ಕ್ಕೆ ಪುನಃ ಮಿಂಡಿಲ್ ದಂಡೆಗೆ ಹೋಗಿ. ಮಳಿಗೆಗಳಿರುವುದಿಲ್ಲ, ಸಾಲುಗಳಿರುವುದಿಲ್ಲ, ವಾಹನ ನಿಲ್ಲಿಸಲು ಬೇಕಾದಷ್ಟು ಜಾಗ. ಸೂರ್ಯ ಮಾತ್ರ ಗುರುವಾರ ಮುಳುಗಿದ ಗಳಿಗೆಗೇ ಮುಳುಗುತ್ತಾನೆ. ನೀರಿಗಿಳಿಯಬಾರದೆಂಬ ಮಾತು ಅಂದಿಗೂ ಅನ್ವಯಿಸುತ್ತದೆ.